ಚಿಲಕವಿಲ್ಲದ ಹೋಟೆಲ್ಲಿನಲ್ಲಿ ಆಂಟಿ

ಅಮೆರಿಕದ ವುಡ್‌ಬ್ರಿಡ್ಜ್‌ನಲ್ಲಿ ನಮ್ಮ ಮನೆಯ ಹತ್ತಿರ ಹೊಸದಾಗಿ ಒಂದು ಮೆಕ್ಸಿಕನ್ ಅಂಗಡಿ ಬಂದಿದೆ. ಮೊನ್ನೆ ಹಾಲು ತರಲು ಹೋದಾಗ ಬಾಗಿಲಲ್ಲೇ ಮೂಗಿಗೆ ಬಡಿಯಿತು, ಸುಣ್ಣದ ನೀರಿನಲ್ಲಿ ಬೆಂದ ಮೆಕ್ಕೆಜೋಳದ ವಾಸನೆ. ಹಾಲು ಮರೆತು ಅಲ್ಲೇ ನಿಂತುಬಿಟ್ಟೆ. ಪಕ್ಕದ ಮನೆಯ ಆಂಟಿ ನೆನಪಾದರು...

ಆಂಟಿ ಮೈಸೂರಿನವರು. ಅಗ್ಗದ ಪ್ರವಾಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಎಲ್ಲಿಗೆ ಹೊರಟರೂ ಸೂಟ್‌ಕೇಸಿನ ಅರ್ಧಭಾಗ ಸ್ಟೀಲ್ ಡಬ್ಬಿಗಳದ್ದೇ: ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ಅವಲಕ್ಕಿ. ಇಂಥ ಗಟ್ಟಿಗಿತ್ತಿ, ಅಂಕಲ್ ತೀರಿಕೊಂಡ ಮೇಲೆ ಒಬ್ಬರೇ ಮಲಗಲು ಹೆದರತೊಡಗಿದರು. ಕತ್ತಲಾದರೆ ದಿಂಬು ಹಿಡಿದು ನಮ್ಮ ಮನೆಗೆ ಬಂದುಬಿಡುತ್ತಿದ್ದರು. ಇದು ಟೆಕ್ಸಸ್‌ನಲ್ಲಿದ್ದ ಮಗಳಿಗೆ ಗೊತ್ತಾಗಿ, ಮನೆ ಮಾರಿ ತನ್ನಲ್ಲಿಗೆ ಬಾ ಎಂದು ಹಟ ಹಿಡಿದಳು. ಆಂಟಿಗೆ ಆ ಮನೆ ಬಿಡುವುದೆಂದರೆ ಜೀವ ಬಿಟ್ಟ ಹಾಗೆ.

"ಮೆಕ್ಸಿಕೋಗೆ ಹೋಗ್ತೀನಿ. ವಾರ ಪೂರ್ತಿ ಒಬ್ಳೇ ಒಂದ್ ರೂಮಲ್ಲಿ ಮಲಗ್ತೀನಿ. ಆಗ್ಲಿಲ್ವಾ, ಮನೆ ಮಾರೋಣ," ಎಂದು ಫೋನಿನಲ್ಲಿ ಸವಾಲು ಹಾಕಿದರು. ಅವರ ಪಕ್ಕದ ರೂಮಿನಲ್ಲಿರಲು ನಾನೂ ಹೊರಟೆ.

ಅವರು ಹುಡುಕಿದ್ದು ಬೆಟ್ಟದ ಮೇಲಿನ ಸಣ್ಣ ಊರೊಂದರ ಹೋಟೆಲ್. ಕೆಳಗೆ ಸುಣ್ಣದ ನೀರಿನಲ್ಲಿ ಬೆಂದ ಮೆಕ್ಕೆಜೋಳ ಬೀಸುವ ಗಿರಣಿ, ಮೇಲೆ ರೂಮುಗಳು. ಗಿರಣಿ ಶುರುವಾದರೆ ಮಂಚ ಗಡಗಡ ನಡುಗುತ್ತಿತ್ತು. ಅದಕ್ಕೇ ಅಷ್ಟು ಅಗ್ಗ. ಅದನ್ನಾದರೂ ಸಹಿಸಬಹುದಿತ್ತು, ಆದರೆ ಯಾವ ಬಾಗಿಲಿಗೂ ಚಿಲಕವೇ ಇರಲಿಲ್ಲ! ಆಂಟಿಯ ಮುಖ ಬಿಳಿಚಿಕೊಂಡಿತು. ಸೋಲುವ ಪೈಕಿಯಲ್ಲ ಅವರು. ಬಾಗಿಲಿಗೆ ಕುರ್ಚಿ ಆನಿಸಿಟ್ಟು, ಅದರ ಮೇಲೆ ಡಬ್ಬಿಗಳನ್ನೆಲ್ಲ ಪೇರಿಸಿದರು. ಕಳ್ಳ ಬಂದರೆ ಊರಿಗೆ ಊರೇ ಏಳಬೇಕು.

ಎದ್ದದ್ದೇನೋ ನಿಜ. ಬಂದದ್ದು ಮಾತ್ರ ಕಳ್ಳನಲ್ಲ, ಹೋಟೆಲ್ಲಿನ ಯಜಮಾನಿ. ಬೆಳಿಗ್ಗೆ ಪ್ರತಿ ರೂಮಿಗೂ, ಬಾಗಿಲು ತಟ್ಟದೆ, ತಾನೇ ಕಾಫಿ ತರುವುದು ಆಕೆಯ ಪದ್ಧತಿ. ಸದ್ದು ಕೇಳಿ ನಾನು ಓಡಿದಾಗ ಚೆಲ್ಲಿದ ಕಾಫಿಯಲ್ಲಿ ಅವಲಕ್ಕಿ ತೇಲುತ್ತಿತ್ತು. ಯಜಮಾನಿ ನೆಲದ ಮೇಲೆ ಕೂತು, ಬೆರಳಿಗಂಟಿದ ಚಟ್ನಿಪುಡಿ ನೆಕ್ಕುತ್ತ ನಗುತ್ತಿದ್ದರು.

"ಬಾಗ್ಲು ತಟ್ಬೇಕು ಅಂತ ಗೊತ್ತಿಲ್ವಾ ಈಯಮ್ಮಂಗೆ? ಚಿಲ್ಕ ಯಾಕಿಲ್ಲ, ಕೇಳು!" ಆಂಟಿಯ ಕಣ್ಣಲ್ಲಿ ನೀರು.

ನನ್ನ ಹರಕುಮುರುಕು ಸ್ಪ್ಯಾನಿಷ್‌ನಲ್ಲಿ ಕೇಳಿದೆ. ಆಕೆಯ ನಗು ನಿಂತಿತು. ಅವರ ತಾಯಿ ಚಿಲಕ ಹಾಕಿಕೊಂಡು ಮಲಗಿದ್ದವರು ಒಳಗೇ ಬಿದ್ದಿದ್ದರಂತೆ. ಬಾಗಿಲು ಒಡೆಯುವಷ್ಟರಲ್ಲಿ ಹೊತ್ತು ಮೀರಿತ್ತಂತೆ. ಆಮೇಲೆ ಇದ್ದಬದ್ದ ಚಿಲಕಗಳನ್ನೆಲ್ಲ ಕೀಳಿಸಿ, ಬೆಳಗಿನ ಕಾಫಿಯ ನೆಪದಲ್ಲಿ ಎಲ್ಲರನ್ನೂ ನೋಡಿಬರುತ್ತಿದ್ದರು.

ಇದನ್ನು ಹೇಳಿದಾಗ ಆಂಟಿ ಬಗ್ಗಿ ಡಬ್ಬಿಗಳನ್ನು ಒಂದೊಂದಾಗಿ ಆಯ್ದರು. ಕೊನೆಯ ಡಬ್ಬಿಯ ಮುಚ್ಚಳ ಒತ್ತುತ್ತ, "ನಂಗೂ ಕಳ್ಳನ ಭಯ ಅಲ್ಲ ಕಣೆ. ಏನಾದ್ರೂ ಆದ್ರೆ ಯಾರ್ಗೂ ಗೊತ್ತೇ ಆಗಲ್ವಲ್ಲ ಅಂತ..." ಎಂದರು.

ಆ ರಾತ್ರಿಯಿಂದ ಬಾಗಿಲು ಬರಿದೇ ಮುಚ್ಚಿ ಮಲಗಿದರು. ಗಿರಣಿಯ ಸದ್ದಿಗೂ ಜಗ್ಗದ ನಿದ್ದೆ. ಕಾಫಿ ಬಂದಾಗಲೇ ಎಚ್ಚರ.

ವಾಪಸ್ ಬಂದವರೇ ತಮ್ಮ ಮನೆಯ ಇನ್ನೊಂದು ಬೀಗದ ಕೈ ನನಗೆ ಕೊಟ್ಟರು. "ಬೆಳಿಗ್ಗೆ ಕಾಫಿ ತಗೊಂಡು ನೀನೇ ತೆಗೆದು ಬಾ. ತಟ್ಬೇಡ." ಮನೆ ಮಾರುವ ಮಾತು ಅಲ್ಲಿಗೇ ನಿಂತಿತು. ಸ್ನೋ ಬಿದ್ದ ದಿನವೂ ನಾನು ತಪ್ಪಿಸಲಿಲ್ಲ. ಹೀಗೇ ವರ್ಷಗಳು ಕಳೆದವು. ಒಂದು ಬೆಳಿಗ್ಗೆ ಕಾಫಿ ಇಟ್ಟು ಕರೆದೆ, ಆಂಟಿ ಏಳಲಿಲ್ಲ... ಫೋನಿನಲ್ಲಿ ಮಗಳು ಕೇಳಿದ್ದು ಒಂದೇ: "ಅಕ್ಕಾ, ಅಮ್ಮ ತುಂಬಾ ಹೊತ್ತು ಒಬ್ರೇ ಇದ್ರಾ?"

"ಇಲ್ಲ ಕಣಮ್ಮ. ನಾನು ಹೋದಾಗ ಕೈ ಇನ್ನೂ ಬೆಚ್ಚಗಿತ್ತು," ಎಂದೆ.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ನಮ್ಮ ಯಜಮಾನರೂ ತೀರಿಕೊಂಡರು, ಮಕ್ಕಳು ದೂರ. ಬೆಳಗಿನ ಹೊತ್ತು ಆಂಟಿ ಇಲ್ಲದ್ದು ಬಹಳ ಕಾಡುತ್ತದೆ. ಕಳೆದ ವಾರ ನನ್ನ ಮನೆಗೂ ಇನ್ನೊಂದು ಬೀಗದ ಕೈ ಮಾಡಿಸಿದೆ. ಯಾರಿಗೆ ಕೊಡುವುದೆಂದು ಇನ್ನೂ ತಿಳಿದಿಲ್ಲ.