ಒನಕೆಯಿಲ್ಲದ ಹಾಡು

ನಮ್ಮೂರಲ್ಲಿ ಸೊಸೆ ಅತ್ತೆಯ ಮುಖ ನೋಡಿ ಮಾತಾಡುವಂತಿಲ್ಲ. ಮಂಡಿಯೂರಿ, ನೆಲ ನೋಡಿಕೊಂಡು, ಕೇಳಿದ್ದಕ್ಕೆ ಹೂಂ ಅನ್ನಬೇಕು. ಆದರೆ ಮರದ ಒರಳ ಮುಂದೆ ನಿಂತು ಮೆಕ್ಕೆಜೋಳ ಕುಟ್ಟುವಾಗ ಅವಳು ಏನನ್ನಾದರೂ ಹಾಡಬಹುದು. ಅತ್ತೆಯನ್ನು ಬೈಯಬಹುದು, ಜೋಹಾನ್ಸ್‌ಬರ್ಗಿನ ಗಣಿಗೆ ಹೋಗಿ ಮನೆ ಮರೆತ ಗಂಡನನ್ನು ಜಾಲಾಡಬಹುದು. ಒನಕೆ ಬೀಳುತ್ತಿರುವವರೆಗೆ ಕೇಳಿದವರೂ ಕೇಳಿಸದವರಂತೆ ಇರಬೇಕು. ಒನಕೆ ಇಲ್ಲದೆ ಅದೇ ಮಾತು ಬಂದರೆ ಅದು ನಿಂದನೆ. ಹಿರಿಯರು ಮರದಡಿ ವಿಚಾರಣೆಗೆ ಕೂರುತ್ತಾರೆ. ಸೊಸೆಯನ್ನು ತವರಿಗೆ ಅಟ್ಟಿದ್ದೂ ಉಂಟು, ಮಗುವನ್ನು ಗಂಡನ ಮನೆಯಲ್ಲೇ ಉಳಿಸಿಕೊಂಡು.

ಪಕ್ಕದ ಮನೆಯ ಸೊಸೆ ನ್ಯಾಲುಹಾಂಗ, ರುಕುರು ಹೊಳೆಯಾಚೆಯಿಂದ ಮದುವೆಯಾಗಿ ಬಂದವಳು. ಬೇರೆ ಹೊತ್ತಿನಲ್ಲಿ ಅವಳಿಗೆ ನಾಲಿಗೆ ಇದೆಯೋ ಇಲ್ಲವೋ ಅನ್ನಿಸುತ್ತಿತ್ತು. ಒನಕೆ ಹಿಡಿದಳೋ, ಅತ್ತೆಯ ಮಾನ ನುಚ್ಚುನುಚ್ಚಾಗುತ್ತಿತ್ತು. ಎದುರು ನಿಂತು ಕುಟ್ಟುತ್ತಿದ್ದ ನಾನು ನಗು ತಡೆಯಲಾರದೆ ಪೆಟ್ಟು ತಪ್ಪಿಸಿ ಎಷ್ಟೋ ಸಲ ಅವಳಿಂದ ಬೈಸಿಕೊಂಡಿದ್ದೇನೆ. ಅತ್ತೆ ಅಂಗಳದ ಮೂಲೆಯಲ್ಲಿ ಕಾಳು ಬಿಡಿಸುತ್ತಾ ಕಿವುಡಿಯಂತೆ ಕೂತಿರುತ್ತಿದ್ದಳು.

ಒಂದು ದಿನ ಹಾಡು ಹಿಡಿಯುವ ಪೆಟ್ಟಿಗೆ ಹೊತ್ತು ಬಿಳಿಯನೊಬ್ಬ ಬಂದ. ಊರೂರು ಅಲೆದು ಹಾಡು ಕೂಡಿಸುವುದೇ ಅವನ ಕಸುಬಂತೆ. ಮಿಷನ್ ಶಾಲೆಯ ಮೇಷ್ಟ್ರು ಅವನ ಮಾತನ್ನು ನಮಗೆ ತಿಳಿಸುತ್ತಿದ್ದರು. ಅತ್ತೆ ಹೊಲಕ್ಕೆ ಹೋಗಿದ್ದಳು. ನಾವಿಬ್ಬರೂ ಕುಟ್ಟುತ್ತಾ ಹಾಡಿದೆವು. ಬಿಳಿಯವನು ಕಿವಿಗೆ ಹಾಕಿಕೊಂಡದ್ದನ್ನು ಕಿತ್ತು ತಲೆಯಾಡಿಸಿದ.

"ಒನಕೆ ಸದ್ದಿಗೆ ಪೆಟ್ಟಿಗೆಯ ಮುಳ್ಳು ಎಗರಿ ಎಗರಿ ಬೀಳುತ್ತಂತೆ. ಒನಕೆ ಬಿಟ್ಟು ಬರೀ ಹಾಡಿ ಅಂತಾನೆ," ಅಂದರು ಮೇಷ್ಟ್ರು.

"ಬೇಡ ಕಣೇ," ಅಂದೆ ನಾನು.

"ಪೆಟ್ಟಿಗೆ ಅವನೂರಿಗೆ ಹೋಗುತ್ತೆ. ಅಲ್ಲಿ ನಮ್ಮತ್ತೆ ಯಾರಿಗ್ ಗೊತ್ತು?" ಎಂದು ನಕ್ಕ ನ್ಯಾಲುಹಾಂಗ ಒನಕೆಯನ್ನು ಗೋಡೆಗೆ ಒರಗಿಸಿ ಹಾಡಿಯೇಬಿಟ್ಟಳು:

ಕೋಳಿಯ ಕಾಲು ಹೆತ್ತ ಮಗಳಿಗೆ,
ಎದೆಯ ತುಂಡು ತನ್ನ ಗಡಿಗೆಗೆ,
ನನ್ನ ಪಾಲಿಗೆ ಕೊಕ್ಕಿನ ಸಾರು,
ಅತ್ತೇ, ನಿನ್ನ ಹೊಟ್ಟೆಗೆ ತಳವೆಲ್ಲಿ?

ಬಿಳಿಯವನು ಹಾಡು ಹಿಡಿದುಕೊಂಡು ಸುಮ್ಮನೆ ಹೋಗಬಹುದಿತ್ತು. ಒಳ್ಳೆಯವನಾಗಲು ಹೋದ. ಎಲ್ಲರ ಹಾಡನ್ನೂ ಎಲ್ಲರಿಗೂ ಕೇಳಿಸುತ್ತೇನೆಂದು ಅಂದು ಸಂಜೆ ಆ ವಿಚಾರಣೆಯ ಮರದಡಿಗೇ ಪೆಟ್ಟಿಗೆ ತಂದಿಟ್ಟ. ಊರಿಗೆ ಊರೇ ನೆರೆಯಿತು. ಅತ್ತೆ ಮುಂದಿನ ಸಾಲಿನಲ್ಲೇ ಕೂತಿದ್ದಳು.

ನ್ಯಾಲುಹಾಂಗ ತನ್ನ ಮಗಳು ಲುಸುಂಗುವನ್ನು ಅವಚಿಕೊಂಡು ಏಳಲು ನೋಡಿದಳು. ನಾನು ಅವಳ ಬಟ್ಟೆಯ ಅಂಚು ಹಿಡಿದು ಜಗ್ಗಿದೆ.

"ಕೂತ್ಕೋ. ಒರಳಿಗೆ ತಲೆ ಕೊಟ್ಟ ಮೇಲೆ ಒನಕೆ ಪೆಟ್ಟಿಗೆ ಹೆದರಿದ್ರೆ ಆಗುತ್ತಾ?"

"ಒನಕೆಯೇ ಇಲ್ವಲ್ಲೇ! ಅದೇ ತಾನೇ ಭಯ," ಅಂದಳು.

ಬೇಟೆಯ ಹಾಡು ಮುಗಿಯಿತು, ಡೋಲು ಮುಗಿಯಿತು. ಆಮೇಲೆ ಬಂತು ಅವಳ ದನಿ, ಬೆತ್ತಲೆ ಬೆತ್ತಲೆ. ಯಾರೋ ಕಿಸಕ್ಕೆಂದರು. ಊರ ಮುಖ್ಯಸ್ಥ ಕೈಯೆತ್ತಿ ಪೆಟ್ಟಿಗೆ ನಿಲ್ಲಿಸಿದ.

"ಇದರಲ್ಲಿ ಒನಕೆ ಸದ್ದೆಲ್ಲಿ? ಇದು ಕುಟ್ಟೋ ಹಾಡಲ್ಲ. ಅತ್ತೆಗೆ ಅಂದ ಮಾತು."

ಅತ್ತೆ ಎದ್ದು ಮನೆ ಕಡೆ ನಡೆದಳು. ಸೊಸೆಯ ಬಟ್ಟೆಯ ಗಂಟು ಹೊರಗೆ ಬರುತ್ತದೆ ಎಂದುಕೊಂಡೆ. ನ್ಯಾಲುಹಾಂಗ ಮಗುವಿನ ನೆತ್ತಿಗೆ ಮುಖ ಒತ್ತಿ ಕೂತಿದ್ದಳು. ನನಗೆ ಆ ಬಿಳಿಯನ ಪೆಟ್ಟಿಗೆಯನ್ನು ಹೊಳೆಗೆ ಎಸೆಯುವಷ್ಟು ಸಿಟ್ಟು ಬಂತು.

ಮುದುಕಿ ಹಿಂದಿರುಗಿ ಬಂದದ್ದು ಒರಳು ಉರುಳಿಸಿಕೊಂಡು, ಹೆಗಲ ಮೇಲೆ ಒನಕೆ ಇಟ್ಟುಕೊಂಡು. ಮರದಡಿ ಒರಳನ್ನು ನೆಟ್ಟಗೆ ನಿಲ್ಲಿಸಿದಳು.

"ಮೇಷ್ಟ್ರೇ, ನಿಮ್ಮ ಬಿಳಿಯಂಗೆ ಹೇಳಿ. ಮೊದಲಿಂದ ಹಾಕ್ಲಿ."

ಪೆಟ್ಟಿಗೆ ಹಾಡಿತು. ಅತ್ತೆ ಬರಿದಾದ ಒರಳಿಗೆ ಒನಕೆ ಹಾಕಿದಳು. ಧುಮ್, ಧುಮ್. ಒಂದು ಪೆಟ್ಟೂ ತಪ್ಪಲಿಲ್ಲ. ಇಷ್ಟು ವರ್ಷ ಕಿವುಡಿಯಂತೆ ಕೂತವಳಿಗೆ ಹಾಡಿನ ತಿರುವೆಲ್ಲ ಬಾಯಿಪಾಠ! ಕೊನೆಯ ಸಾಲು ಮುಗಿದ ಮೇಲೂ ಒನಕೆ ನಿಲ್ಲಿಸದೆ ತಾನೇ ಹಾಡಿದಳು:

ನನ್ನ ಅತ್ತೆ ಕೊಟ್ಟದ್ದು ಬರೀ ಪುಕ್ಕ,
ಕೊಕ್ಕು ಕಂಡ ನೀನೇ ಪುಣ್ಯವಂತೆ!

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಮರದಡಿ ನಗು ಭೋರ್ಗರೆಯಿತು. ಮುಖ್ಯಸ್ಥ ಕಣ್ಣೊರೆಸಿಕೊಂಡು, "ಒನಕೆ ಕೇಳಿಸ್ತು. ಬೇರೇನೂ ನನಗೆ ಕೇಳಿಸಲಿಲ್ಲ," ಎಂದು ಎದ್ದುಹೋದ.

ನ್ಯಾಲುಹಾಂಗ ಮಂಡಿಯೂರಿ ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಎದೆಯ ಮೇಲಿನ ಕಲ್ಲೂ ಇಳಿಯಿತು, ನನಗೂ ಅಳು ಬಂತು.

"ಏಳೇ," ಅಂದಳು ಮುದುಕಿ. "ಇನ್ನೊಂದ್ಸಲ ಒನಕೆ ಬಿಟ್ಟು ಹಾಡಿದ್ರೆ ಕಾಲು ಮುರೀತೀನಿ. ಈಗ ಒರಳು ಮನೆಗೆ ಉರುಳಿಸು, ನಂಗೆ ಸೊಂಟ ಹಿಡ್ಕೊಂಡಿದೆ."

ಬಿಳಿಯನ ಪೆಟ್ಟಿಗೆ ತಾನು ಹಾಡುವಾಗ ಬೇರೆ ಸದ್ದು ಹಿಡಿಯಲಾರದಂತೆ. ಹಾಗಾಗಿ ಅವನೂರಿಗೆ ಹೋದದ್ದು ಒನಕೆಯಿಲ್ಲದ ಹಾಡೇ. ಅಲ್ಲಿನ ಅತ್ತೆಯಂದಿರು ಕೇಳಿ ಏನೆಂದುಕೊಂಡರೋ.

ಮುಂದಿನ ಸಲ ಆ ಮನೆಯಲ್ಲಿ ಕೋಳಿ ಕೊಯ್ದಾಗ ಬೇಕೆಂದೇ ಇಣುಕಿದೆ. ಕಾಲು ಅತ್ತೆಯ ಮಗಳಿಗೇ ಹೋಯಿತು, ಎದೆಯ ತುಂಡು ಗಡಿಗೆಗೇ ಹೋಯಿತು. ನ್ಯಾಲುಹಾಂಗ ಲುಸುಂಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಕೊಕ್ಕಿನ ಸಾರನ್ನು ಅಷ್ಟು ರುಚಿಯಾಗಿ ಉಂಡವರನ್ನು ನಾನು ಬೇರೆ ಕಂಡಿಲ್ಲ.