ನಡುಮನೆಯ ಮಗ್ಗದ ಗುಂಡಿ

ರುಕ್ಮಿಣಮ್ಮ ತಮ್ಮ ನಡುಮನೆಯನ್ನು ನೇರವಾಗಿ ದಾಟಿದ್ದನ್ನು ನಾನು ಕಂಡಿರಲಿಲ್ಲ. ಬಾಗಿಲಿನಿಂದ ಅಡುಗೆಮನೆಗೆ ಹೋಗುವಾಗ ಕಿಟಕಿಯ ಕೆಳಗಿನ ಒಂದು ಜಾಗವನ್ನು ಮೆಟ್ಟದೆ ಬಳಸಿ, ಗೋಡೆಯ ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಆ ಜಾಗದಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಉಳಿದೆಡೆಯಂತೆಯೇ ಕೆಂಪು ಗಾರೆಯ ನೆಲ. ಅದರ ಕೆಳಗೆ ಅವರ ಗಂಡ ಕೋದಂಡರಾಮಯ್ಯನವರ ಮಗ್ಗದ ಗುಂಡಿಯಿತ್ತು.

ರುಕ್ಮಿಣಮ್ಮ ನನಗೆ ದೊಡ್ಡಮ್ಮ. ದೊಡ್ಡಬಳ್ಳಾಪುರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹತ್ತಿರದ ವಿಜಯಪುರದಲ್ಲಿ ರೇಷ್ಮೆ ಹುರಿ ಮಾಡುವವರ ಮನೆಯಿಂದ ಬಂದವರು ಅವರು. ಬಂದ ದಿನದಿಂದ ರಾಟೆಯ ಮುಂದೆ ಕುಳಿತು ಕಂಡಿಕೆಗೆ ನೂಲು ಸುತ್ತಿದರು. ಆ ಕಂಡಿಕೆಯನ್ನು ಲಾಳಿಗೆ ಹಾಕಿಕೊಂಡು ದೊಡ್ಡಪ್ಪ ಗುಂಡಿಗೆ ಕಾಲು ಇಳಿಬಿಟ್ಟು ಕುಳಿತು, ಕಾಲುಮಣೆ ತುಳಿಯುತ್ತಾ ಸೀರೆ ನೇಯುತ್ತಿದ್ದರು. ಗುಂಡಿಗೆ ಹೆಂಗಸರು ಇಳಿಯುವುದು ನಮ್ಮ ಮನೆತನದಲ್ಲಿ ಇರಲಿಲ್ಲ. ಅವರ ಪಾಲಿಗೆ ಬರುತ್ತಿದ್ದುದು ಮೊದಲು ಕಂಡಿಕೆ, ಸೀರೆ ಮಗ್ಗದಿಂದ ಇಳಿದ ಮೇಲೆ ಸೆರಗಿನ ಕುಚ್ಚು.

ದೊಡ್ಡಪ್ಪ ತೀರಿಕೊಂಡದ್ದು ಮಗ್ಗದಲ್ಲಿ ಕುಳಿತಲ್ಲಿಯೇ. ಮಗ್ಗಕ್ಕೆ ಏರಿಸಿದ ಉದ್ದೆಳೆಗಳ ಹಾಸಿನ ಕೊನೆಯ ಸೀರೆ, ಹಸಿರು ಬಣ್ಣದ್ದು, ಸೆರಗಿನ ಹತ್ತಿರ ಬಂದು ನಿಂತಿತ್ತು. ಸತ್ತವರ ಹಾಸನ್ನು ಕತ್ತರಿಸಬಾರದು, ಮನೆಯವರು ಯಾರಾದರೂ ಕುಳಿತು ಮುಗಿಸಬೇಕು ಎಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಮಗ ವಸಂತನಿಗೆ ಕೈಮಗ್ಗ ಬಾರದು. ಅವನು ಹಾಸನ್ನು ಕತ್ತರಿಸಲೂ ಇಲ್ಲ, ಮುಗಿಸಲೂ ಇಲ್ಲ. ಸೀರೆಯನ್ನು ಎಳೆ ಬಿಗಿದ ಮರದ ದಿಂಡಿನ ಸಮೇತ ಸುತ್ತಿ, ಲಾಳಿಯನ್ನೂ ಜೊತೆಗಿಟ್ಟು, ಗುಂಡಿಯೊಳಗೆ ಇಳಿಸಿ ಚಪ್ಪಡಿ ಮುಚ್ಚಿಸಿದ. ಮೇಲೆ ಗಾರೆ ಬಂತು. ಪಕ್ಕದಲ್ಲಿ ಪವರ್‌ಲೂಮ್‌ಗಳು ಬಂದವು.

ಅಂದಿನಿಂದ ದೊಡ್ಡಮ್ಮನಿಗೆ ಸದ್ದು ಕೇಳುತ್ತಿತ್ತು. ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ, ಆ ಮೌನದಲ್ಲಿ, ಚಪ್ಪಡಿಯ ಕೆಳಗಿನಿಂದ. ನಲ್ಲಿ ಸೋರುತ್ತಿದೆ ಎನ್ನುವಷ್ಟೇ ಸಹಜವಾಗಿ ಅವರು ಹೇಳುತ್ತಿದ್ದರು: "ಶುರು ಮಾಡಿದ್ರು ನೋಡು. ಲಾಳೀಲಿ ನೂಲಿಲ್ಲ ಕಣೇ, ಬರೀ ಹಲಗೆ ಬಡೀತಾವ್ರೆ. ಕಂಡಿಕೆ ಕೊಡೋರಿಲ್ಲ." ನನಗೆ ಎಂದೂ ಏನೂ ಕೇಳಿಸಲಿಲ್ಲ. ಆದರೂ ಕರೆಂಟು ಹೋದಾಗ ನಾನು ಆ ಗೋಡೆಯ ಕಡೆ ಬೆನ್ನು ಮಾಡಿ ಕೂರುತ್ತಿರಲಿಲ್ಲ.

ಪವರ್‌ಲೂಮ್‌ಗಳನ್ನು ಕೊಟ್ಟು ಸೋಂಪುರದ ಕಾರ್ಖಾನೆಗೆ ಸೇರಿದ ಮೇಲೆ ವಸಂತ ಮನೆ ಮಾರಲು ನಿಶ್ಚಯಿಸಿದ. ಹಿಂದಿನ ಬೀದಿಯ ಮುನಿರಾಜ್ ಬ್ಯಾಂಕಿನ ಸಾಲದಲ್ಲಿ ಕೊಳ್ಳುವವನಿದ್ದ. ಬ್ಯಾಂಕಿನವರು ಕಳಿಸುವ ಇಂಜಿನಿಯರ್ ಮನೆ ನೋಡಿ ಒಪ್ಪಬೇಕು, ಇಲ್ಲವಾದರೆ ವ್ಯಾಪಾರವಿಲ್ಲ.

ದೊಡ್ಡಮ್ಮ ಬೇಡವೆನ್ನಲಿಲ್ಲ. ಒಂದೇ ಮಾತು ಕೇಳಿದರು.

"ಆ ಸೀರೆ ಏನ್ಮಾಡ್ತೀಯಪ್ಪಾ?"

"ಈಗ ನೆಲ ಅಗೆದ್ರೆ ಇಂಜಿನಿಯರ್‌ಗೆ ಹಳ್ಳ ತೋರಿಸ್ಬೇಕಾಗುತ್ತೆ. ಸುಮ್ನಿರಮ್ಮ."

"ಬೇರೆಯೋರ ಮನೇಲಿ ಅವರನ್ನ ಕೂರಿಸ್ಬಿಟ್ಟು ಹೋಗೋದಾ?"

ವಸಂತ ಸುಣ್ಣದ ಬಕೆಟ್ಟು ಎತ್ತಿಕೊಂಡು ಹೋದ.

ಆ ವಾರ ಮನೆ ಸಿದ್ಧವಾಯಿತು. ತೊಲೆಗಳ ಮೇಲೆ ಕೂತಿದ್ದ ನೂಲಿನ ಧೂಳನ್ನು ನಾನೂ ಅವನ ಹೆಂಡತಿ ಶ್ವೇತಳೂ ಗುಡಿಸಿದೆವು. ಪವರ್‌ಲೂಮಿನ ಬೋಲ್ಟು ಕಿತ್ತ ತೂತುಗಳಿಗೆ ಸಿಮೆಂಟು ತುಂಬಿಸಿದ್ದಾಯಿತು. ವಸಂತನಿಗಿದ್ದ ಚಿಂತೆ ಗೋಡೆಯ ಬಿರುಕುಗಳದ್ದು. ಹಿಂಬದಿಯ ಗಂಗಣ್ಣನ ಪವರ್‌ಲೂಮ್‌ಗಳು ಓಡುವಾಗ ಗೋಡೆ ಅದುರಿ, ಮೆತ್ತಿದ ಪುಟ್ಟಿ ಪುಡಿಪುಡಿಯಾಗಿ ಉದುರುತ್ತಿತ್ತು. ಅವನು ಗಂಗಣ್ಣನ ಮುಂದೆ ಹೋಗಿ ನಿಂತ.

"ಅಣ್ಣಾ, ಇಂಜಿನಿಯರ್ ಬಂದು ಹೋಗೋವರೆಗೂ ಒಸಿ ನಿಲ್ಸಣ್ಣ."

"ಕರೆಂಟ್ನೋರು ಕೊಡೋ ರಜ ಸಾಲ್ದು ಅಂತ ನೀನೂ ಕೊಡ್ತೀಯೇನ್ಲಾ?" ಎಂದ ಗಂಗಣ್ಣ. ನಕ್ಕನಾದರೂ ಒಪ್ಪಿದ, ಅಕ್ಕಪಕ್ಕದವರಿಗೂ ತಾನೇ ಹೇಳಿದ.

ಹೀಗಾಗಿ ಇಂಜಿನಿಯರ್ ನವೀನ್‌ಕುಮಾರ್ ಬಂದ ಬೆಳಿಗ್ಗೆ ಕರೆಂಟಿದ್ದೂ ಬೀದಿ ಮೌನವಾಗಿತ್ತು. ಮಗ್ಗದ ಬೀದಿಯವರಾದ ನಮಗೆ ಯಾರಿಗೂ ಹೊಳೆಯದಿದ್ದ ಸಂಗತಿ ಒಂದಿತ್ತು. ಮಗ್ಗಗಳು ಓಡುತ್ತಿದ್ದರೆ ಆತನಿಗೆ ಬಿರುಕೊಂದು ಕಾಣುತ್ತಿತ್ತೇ ಹೊರತು ಬೇರೇನೂ ಕೇಳಿಸುತ್ತಿರಲಿಲ್ಲ.

ಆತ ಗೋಡೆ ನೋಡಿದ, ಸೂರು ನೋಡಿದ, ತಲೆಯಾಡಿಸಿದ. ವಸಂತನ ಮುಖ ಅರಳಿತು. ನಡುಮನೆ ದಾಟುವಾಗ ಆತನ ಬೂಟಿನ ಹಿಮ್ಮಡಿ ಕಿಟಕಿಯ ಕೆಳಗಿನ ನೆಲಕ್ಕೆ ತಾಗಿತು. ಖಾಲಿ ಪೆಟ್ಟಿಗೆಯನ್ನು ತಟ್ಟಿದಂತಹ ಸದ್ದು. ಆತ ಬಗ್ಗಿ ಬೈಕಿನ ಕೀಲಿಯಿಂದ ತಟ್ಟಿದ. ಮತ್ತೆ ತಟ್ಟಲು ಎತ್ತಿದ ಕೈಯನ್ನು ಹಾಗೆಯೇ ಹಿಡಿದು ತಲೆ ಓರೆ ಮಾಡಿದ.

"ಕೆಳಗಡೆ ಏನಾದ್ರೂ ಓಡ್ತಾ ಇದೆಯಾ? ಮೋಟ್ರು, ಗೀಟ್ರು?"

ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ನಿಮಗೂ ಕೇಳುಸ್ತಾ?" ಎಂದು ಬಹಳ ಮೆಲ್ಲಗೆ ಕೇಳಿದರು.

ಆತ ಎದ್ದು ಕೀಲಿಯನ್ನು ಜೇಬಿಗೆ ಹಾಕಿಕೊಂಡ. "ಇದನ್ನ ಓಪನ್ ಮಾಡ್ಸಿ, ತುಂಬ್ಸಿ, ಆಮೇಲೆ ಕರೀರಿ. ಹೀಗೇ ಬಿಟ್ರೆ ನಾನು ಸೈನ್ ಹಾಕಲ್ಲ." ಶ್ವೇತ ತಂದ ಕಾಫಿಯನ್ನು ಆತ ಮುಟ್ಟಲಿಲ್ಲ.

ಮರುದಿನ ಚಪ್ಪಡಿ ಎತ್ತಿಸಿದೆವು. ಒಳಗಿಂದ ತಣ್ಣನೆಯ ಗಾಳಿ ಬಂತು, ನೂಲಿಗೆ ಹಚ್ಚುವ ಗಂಜಿಯ ವಾಸನೆಯೊಂದಿಗೆ. ದಿಂಡಿನ ಮರವನ್ನು ಗೆದ್ದಲು ತಿಂದುಹಾಕಿತ್ತು; ರೇಷ್ಮೆಯನ್ನು ಮುಟ್ಟಿರಲಿಲ್ಲ. ಲಾಳಿ ಸಿಕ್ಕಿತು. ಅದರೊಳಗಿನ ಕಂಡಿಕೆಯಲ್ಲಿ ಒಂದೆಳೆ ನೂಲೂ ಇರಲಿಲ್ಲ. ಇಡುವಾಗ ತುಂಬಿತ್ತೋ ಖಾಲಿಯಿತ್ತೋ ವಸಂತನಿಗೆ ನೆನಪಿಲ್ಲ.

"ನನ್ನ ಇಳಿಸ್ರಿ" ಎಂದರು ದೊಡ್ಡಮ್ಮ.

"ಅಮ್ಮಾ, ನೀನ್ಯಾಕೆ ಗುಂಡಿಗೆ..."

"ಇನ್ಯಾರು ಬರ್ತಾರೋ? ನಿಂಗಂತೂ ಬರಲ್ಲ."

ಗಂಡ ಕೂತು ಕೂತು ನುಣುಪಾಗಿದ್ದ ಕಲ್ಲಿನ ಅಂಚಿನ ಮೇಲೆ ಅವರು ಕಾಲು ಇಳಿಬಿಟ್ಟು ಕುಳಿತರು. ನೇಯಲು ಮಗ್ಗವಿಲ್ಲ. ಅವರಿಗೆ ಬರುತ್ತಿದ್ದುದು ಕುಚ್ಚು ಕಟ್ಟುವುದು. ದಿಂಡು ಮಣ್ಣಾಗಿದ್ದರಿಂದ ಹಾಸನ್ನು ಕತ್ತರಿಸುವ ಪ್ರಮೇಯವೇ ಬರಲಿಲ್ಲ. ಕೊನೆಯ ಎಳೆಗಳು ತಾವಾಗಿ ಬಿಡಿಸಿಕೊಂಡು ಬಂದವು. ನೇಯದೆ ಉಳಿದ ಆ ಎಳೆಗಳನ್ನು ಹಿಡಿಹಿಡಿಯಾಗಿ ಸೇರಿಸಿ ಗಂಟು ಹಾಕುತ್ತಾ ಹೋದರು. ಅಷ್ಟುದ್ದದ ಕುಚ್ಚನ್ನು ಯಾವ ಸೀರೆಗೂ ನಾನು ಕಂಡಿಲ್ಲ. ಗುಂಡಿಯೊಳಗೆ ಅವರ ಪಾದಗಳು ಒಂದರ ನಂತರ ಒಂದು ಮೆಲ್ಲನೆ ಏರಿಳಿಯುತ್ತಿದ್ದವು; ಅದು ಅವರಿಗೆ ತಿಳಿದಿತ್ತೆಂದು ನನಗೆ ಅನಿಸುವುದಿಲ್ಲ. ಕೊನೆಯ ಗಂಟು ಬಿಗಿದಾಗ ಅವು ನಿಂತವು.

ಆ ಸಂಜೆ ಗುಂಡಿಗೆ ಕಲ್ಲು, ಮಣ್ಣು ತುಂಬಿ ಗಟ್ಟಿಸಿ, ಮೇಲೆ ಗಾರೆ ಹಾಕಿಸಿದೆವು. ನವೀನ್‌ಕುಮಾರ್ ಮತ್ತೆ ಬಂದಾಗ ಗಂಗಣ್ಣನ ಮಗ್ಗಗಳು ಓಡುತ್ತಲೇ ಇದ್ದವು. ಪುಟ್ಟಿ ಒಂದಿಷ್ಟು ಉದುರಿತು. ಆತ ಅದನ್ನು ಗಮನಿಸದೆ, ಹೊಸಿಲಾಚೆಯಿಂದಲೇ ನೆಲ ನೋಡಿ ಸಹಿ ಹಾಕಿದ.

ಮನೆ ಬಿಡುವ ದಿನ ಸಾಮಾನು ಲಾರಿಗೆ ಏರುತ್ತಿದ್ದಾಗ ಕರೆಂಟು ಹೋಯಿತು. ಮಗ್ಗಗಳು ನಿಂತವು. ಹಸಿರು ಸೀರೆಯ ಗಂಟನ್ನು ಎದೆಗೆ ಅವುಚಿಕೊಂಡು ದೊಡ್ಡಮ್ಮ ಬಾಗಿಲಿಗೆ ಹೊರಟಿದ್ದವರು ತಿರುಗಿದರು. ಗೋಡೆಯ ಪಕ್ಕಕ್ಕೆ ಸರಿಯಲಿಲ್ಲ. ನೇರವಾಗಿ ಕಿಟಕಿಯ ಕೆಳಗೆ ಬಂದು, ಹೊಸ ಗಾರೆಯ ನಡುವೆ ನಿಂತರು.

ವಸಂತ ಹೊರಗಿನಿಂದ ಕರೆದ. ಅವರು ಕೈಯೆತ್ತಿ ಸುಮ್ಮನಿರೆಂದು ಸನ್ನೆ ಮಾಡಿದರು. ಬಹಳ ಹೊತ್ತು ಕಿವಿಗೊಟ್ಟರು.

"ಹೋಗ್ಬಿಟ್ರು ಕಣೇ" ಎಂದರು. ಆಮೇಲೆ, ತಪ್ಪು ಮಾಡಿದ ಹುಡುಗಿಯಂತೆ ನನ್ನತ್ತ ನೋಡಿ: "ನಾನೇ ಕಳಿಸ್ಬಿಟ್ನಾ?"

ಕರೆಂಟು ಬರುವವರೆಗೂ ಅವರು ಆ ಜಾಗದಿಂದ ಕದಲಲಿಲ್ಲ.