ಹನ್ನೆರಡನೆಯ ದಿನ ಕೊಟ್ಟ ತೂಗುಕುರ್ಚಿ

ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮಾವ ತೀರಿಕೊಂಡ ಹನ್ನೆರಡನೆಯ ದಿನ, ಅತ್ತೆಯ ತೂಗುಕುರ್ಚಿಯನ್ನು ಮಾವನದು ಅಂದುಕೊಂಡು ನಾನು ದಾನ ಕೊಟ್ಟುಬಿಟ್ಟೆ. ಅದೂ ಯಾರೂ ಕುರ್ಚಿ ಬೇಕು ಅಂತ ಕೇಳಿರಲಿಲ್ಲ. ನಾನೇ ಹಾಲ್‌ನಿಂದ ದರದರ ಎಳೆದುಕೊಂಡು ಬಂದು ಕೊಟ್ಟೆ.

ಅದು ತೊಂಬತ್ತೆಂಟನೆಯ ಇಸವಿ. ನಾನು ಮದುವೆಯಾಗಿ ಮೈಸೂರಿನಿಂದ ಬಂದು ಎರಡು ವರ್ಷ ಆಗಿತ್ತು. ಊರಿನ ಹೆಸರು ಆಗಲೇ ಚೆನ್ನೈ ಆಗಿದ್ದರೂ ನಮ್ಮ ಮನೆಯಲ್ಲಿ ಮದ್ರಾಸು ಅಂತಲೇ ಅನ್ನುತ್ತಿದ್ದರು. ಮಾವ ರೈಲ್ವೆಯಲ್ಲಿದ್ದವರು. ಮೂವತ್ತು ವರ್ಷ ಪೆರಂಬೂರಿನ ಕ್ವಾರ್ಟರ್ಸಿನಲ್ಲಿದ್ದು, ರಿಟೈರ್ ಆದಮೇಲೆ ನುಂಗಂಬಾಕ್ಕಂನ ಬಾಡಿಗೆ ಮನೆಗೆ ಬಂದಿದ್ದರು. ಉಬ್ಬಸ ಅವರಿಗೆ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ನಾನು ಕಂಡ ಎರಡು ವರ್ಷವೂ ಅವರು ಹಗಲೂ ರಾತ್ರಿ ಕಿಟಕಿಯ ಪಕ್ಕದ ಹಸಿರು ಬಣ್ಣದ ತೂಗುಕುರ್ಚಿಯಲ್ಲೇ ಕೂತಿರುತ್ತಿದ್ದರು. ತಲೆ ಒರಗುವ ಪಟ್ಟಿಯ ಮೇಲೆ ಬಿಳಿಯ ಸಣ್ಣ ಹೂಗಳು, ಕೂರುವಲ್ಲಿ ಬೆತ್ತದ ಬದಲು ಪ್ಲಾಸ್ಟಿಕ್ ವಯರಿನ ಹೆಣಿಗೆ. ನನ್ನ ಕಣ್ಣಿಗೆ ಅದು ಮಾವನ ಕುರ್ಚಿ. ಇನ್ನೇನು ಅಂದುಕೊಳ್ಳಲಿ?

ಹನ್ನೆರಡನೆಯ ದಿನ ಶಯ್ಯಾದಾನ. ಮಂಚ, ಹಾಸಿಗೆ, ಕೊಡೆ, ಚಪ್ಪಲಿ, ಚೊಂಬು ಎಲ್ಲ ಸಾಲಾಗಿ ಇಟ್ಟಿದ್ದೆವು. ಪುರೋಹಿತರನ್ನು ಇಲ್ಲಿ ವಾಧ್ಯಾರ್ ಅನ್ನುತ್ತಾರೆ. ಅವರು, "ಅವರು ದಿನಾ ಬಳಸ್ತಿದ್ದದ್ದು ಬೇರೆ ಏನಾದ್ರೂ ಇದ್ರೆ ಕೊಡಿ, ಅಲ್ಲಿ ಅವರಿಗೆ ತಲುಪತ್ತೆ" ಅಂದರು. ಹೊಸ ಸೊಸೆ ನಾನು, ಎಲ್ಲರ ಕೈಲಿ ಶಹಭಾಸ್ ಅನ್ನಿಸಿಕೊಳ್ಳುವ ಆಸೆ ಬೇರೆ. ಓಡಿಹೋಗಿ ಕುರ್ಚಿ ಎಳೆದು ತಂದೆ. ನಮ್ಮವರು ನೀರು ಬಿಟ್ಟು ಧಾರೆ ಎರೆದರು. ಅವರಾದರೂ ಹೇಳಬಾರದಿತ್ತೇ? ಚಿಕ್ಕಂದಿನಿಂದ ಆ ಕುರ್ಚಿ ನೋಡಿದ ಗಂಡಸು! ಆಮೇಲೆ ಕೇಳಿದರೆ, "ಕುರ್ಚಿ ಯಾರದು ಅಂತ ಯಾರು ನೋಡ್ತಾರೆ, ಮನೇದು" ಅಂದರು. ಬ್ಯಾಂಕಿನಲ್ಲಿ ಕೂತು ದಿನವಿಡೀ ಯಾರದು ಏನು ಅಂತ ನೋಡುವವರು ಆಡುವ ಮಾತು ಇದು.

ಅತ್ತೆ ಒಳಕೋಣೆಯ ಬಾಗಿಲ ಹತ್ತಿರ ಕೂತಿದ್ದರು. ಎಲ್ಲ ಅವರ ಕಣ್ಣೆದುರೇ ನಡೆಯಿತು.

ಅಲ್ಲಿಂದ ಮುಂದೆ ಅವರು ಕುರ್ಚಿಯ ಮೇಲೆ ಕೂರುವುದನ್ನೇ ಬಿಟ್ಟರು. ಕಿಟಕಿಯ ಕೆಳಗೆ ಅದೇ ಜಾಗದಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂರುತ್ತಿದ್ದರು. ಮೈ ಕೈ ನೋವು, ಏಳುವಾಗ ಕಿಟಕಿಯ ಸರಳು ಹಿಡಿದು ಏಳಬೇಕು. ನಾನು ಪ್ಲಾಸ್ಟಿಕ್ ಕುರ್ಚಿ ಹಾಕಿದರೆ, "ಇರಲಿ ಬಿಡೇ, ನೆಲ ತಂಪಾಗಿದೆ" ಅನ್ನುವರು. ಗಂಡ ಹೋದ ದುಃಖ ಅಂತ ನಾನೂ ಸುಮ್ಮನಿದ್ದೆ.

ಆರು ತಿಂಗಳಾದ ಮೇಲೆ ಪೆರಂಬೂರಿನ ಹಳೆಯ ನೆರೆಯವರೊಬ್ಬರು ನೋಡಲು ಬಂದರು. ಒಳಗೆ ಕಾಲಿಟ್ಟವರೇ ಅತ್ತೆಯನ್ನು ನೆಲದ ಮೇಲೆ ಕಂಡು, ತಮಿಳಿನಲ್ಲಿ, "ನಿನ್ನ ಕುರ್ಚಿ ಎಲ್ಲಿ?" ಅಂದರು. "ನಿಮ್ಮ ಮನೆ ಕುರ್ಚಿ" ಅನ್ನಲಿಲ್ಲ, "ನಿನ್ನ ಕುರ್ಚಿ" ಅಂದರು. ಅತ್ತೆ ಮಾತು ತೇಲಿಸಿ ಕಾಫಿಗೆ ಎದ್ದರು. ನಾನು ಆ ಹೆಂಗಸನ್ನು ಗೇಟಿನವರೆಗೆ ಕಳಿಸಲು ಹೋಗಿ ಎಲ್ಲ ಕೇಳಿಕೊಂಡೆ. ಕ್ವಾರ್ಟರ್ಸಿನಲ್ಲಿದ್ದಾಗ ಅತ್ತೆ ವಯರ್ ಬುಟ್ಟಿ ಹೆಣೆದು ಮಾರುತ್ತಿದ್ದರಂತೆ. ಪಕ್ಕದ ಆಂಗ್ಲೋ ಇಂಡಿಯನ್ ಡ್ರೈವರ್ ಸಂಸಾರ ಆಸ್ಟ್ರೇಲಿಯಾಕ್ಕೆ ಹೊರಟಾಗ, ಆ ಮನೆಯಾಕೆಯ ಕೈಲಿ ಬುಟ್ಟಿಯ ದುಡ್ಡು ಕೊಟ್ಟು ಈ ಕುರ್ಚಿ ತೆಗೆದುಕೊಂಡರಂತೆ. ಬೆತ್ತ ಹರಿದಾಗ ಬುಟ್ಟಿಯ ವಯರಿನಿಂದಲೇ ಹೆಣೆದರಂತೆ. "ಅಷ್ಟು ವರ್ಷದಲ್ಲಿ ಅವಳು ತನಗೋಸ್ಕರ ಅಂತ ಕೊಂಡದ್ದು ಅದೊಂದೇ" ಅಂದರು ಆಕೆ. ಅಯ್ಯೋ ದೇವರೇ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ಇದಕ್ಕೇ ಅನ್ನುವುದು.

ಕೊಟ್ಟ ದಾನ ವಾಪಸ್ ಕೇಳಬಾರದು, ಗೊತ್ತು. ಆದರೂ ನಾಚಿಕೆ ಬಿಟ್ಟು ವಾಧ್ಯಾರ್ ಮನೆಗೆ ಹೋದೆ. ಕೇಳುವುದು ತಾನೇ ತಪ್ಪು, ದುಡ್ಡು ಕೊಟ್ಟು ಕೊಂಡರೆ ತಪ್ಪೇನು ಅಂತ ನನ್ನ ಲೆಕ್ಕ. ಅವರದು ಎರಡೇ ಕೋಣೆಯ ಮನೆ. ದಾನಕ್ಕೆ ಬಂದ ಕೊಡೆಗಳೇ ಹತ್ತಿಪ್ಪತ್ತು ಮೂಲೆಯಲ್ಲಿ ನಿಂತಿದ್ದವು. "ಕುರ್ಚಿ ಎಲ್ಲಿ ಇಟ್ಕೊಳ್ಳಲಮ್ಮಾ? ಆವತ್ತೇ ಅಂಗಡಿಗೆ ಹಾಕಿದೆ" ಅಂದರು. ಪಾಪ, ಅವರದೇನು ತಪ್ಪು. ಪ್ಯಾರೀಸ್ ಕಾರ್ನರ್ ಹಿಂದಿನ ಗಲ್ಲಿಯ ಒಂದು ಹಳೆ ಮರಸಾಮಾನಿನ ಅಂಗಡಿಯ ಗುರುತು ಹೇಳಿದರು. ನಾನು ಕೆಲಸ ಮಾಡುತ್ತಿದ್ದ ವಿಮೆ ಆಫೀಸಿನಿಂದ ಅಲ್ಲಿಗೆ ಹತ್ತು ನಿಮಿಷದ ನಡಿಗೆ.

ಅಂಗಡಿಯಾತನನ್ನು ಎಲ್ಲರೂ ಭಾಯಿ ಅನ್ನುತ್ತಿದ್ದರು. ಅರವತ್ತರ ಹತ್ತಿರದ ಮನುಷ್ಯ, ಬಿಳಿ ಲುಂಗಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಹಸಿರು ಕುರ್ಚಿ ಅಂದ ತಕ್ಷಣ ನಕ್ಕುಬಿಟ್ಟ. "ಹಸಿರು ಎಲ್ಲಿರತ್ತಮ್ಮಾ? ಬಂದ ದಿನವೇ ಕೆರೆದು ಹಾಕ್ತೀವಿ. ಒಳಗೆ ಒಳ್ಳೆ ತೇಗ ಇತ್ತು. ಪಾಲಿಶ್ ಮಾಡಿದ ವಾರಕ್ಕೇ ಹೋಯ್ತು" ಅಂದ, ತಮಿಳಿನಲ್ಲಿ. ಯಾರು ಕೊಂಡರು ಅಂದರೆ ನೆನಪಿಲ್ಲ.

ಸರಿ, ಅದು ಸಿಕ್ಕದಿದ್ದರೆ ಅಂಥದ್ದೇ ಇನ್ನೊಂದು ಹುಡುಕೋಣ ಅಂತ ಹಟ ಹಿಡಿದೆ. ಅತ್ತೆಗೆ ಹೇಳಲಿಲ್ಲ. ಊಟದ ಡಬ್ಬಿ ಅರ್ಧಕ್ಕೆ ಮುಚ್ಚಿ ಗಲ್ಲಿ ಸುತ್ತುವುದೇ ಕೆಲಸವಾಯಿತು. ಬಿಸಿಲು ಅಂದರೆ ಆ ಬಿಸಿಲು. ಬಣ್ಣದ ತೂಗುಕುರ್ಚಿ ಅಂದರೆ ಪ್ರತಿ ಅಂಗಡಿಯವನೂ ನನ್ನನ್ನು ಮೇಲಿಂದ ಕೆಳಗೆ ನೋಡುವನು. ಬಣ್ಣ ಬಳಿಯುವುದು ಕೆಟ್ಟ ಮರಕ್ಕೆ, ಹುಳುಕು ಮುಚ್ಚುವುದಕ್ಕೆ ಅಂತ ಅವರ ವ್ಯಾಪಾರದ ಶಾಸ್ತ್ರ. ಹಾಗಾಗಿ ಹಳೆ ಬಂಗಲೆಗಳಿಂದ ಬಂದ ನೀಲಿ, ಹಳದಿ, ಕೆಂಪು ಎಲ್ಲ ಬ್ಲೇಡಿಗೆ, ಮರ ಉಜ್ಜುವ ಉಪ್ಪುಕಾಗದಕ್ಕೆ ಬಲಿಯಾಗಿ, ಒಂದೇ ಕಂದು ಪಾಲಿಶ್ ಮೆತ್ತಿಕೊಂಡು ಸಾಲಾಗಿ ನಿಲ್ಲುತ್ತಿದ್ದವು. ನೆಲದ ಮೇಲೆ ಕೆರೆದ ಬಣ್ಣದ ಚಕ್ಕೆ ಬಿದ್ದಿರುತ್ತಿತ್ತು. ಅದನ್ನು ಕಂಡರೆ ನನಗೆ ಸಿಟ್ಟು. ಒಮ್ಮೆ ಒಬ್ಬ ಅಂಗಡಿಯವನ ಜೊತೆ ಜಗಳವನ್ನೇ ಆಡಿದೆ. "ನಿಮ್ಮ ಮನೆ ಗೋಡೇನೂ ಕೆರೀತೀರಾ?" ಅಂದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಎರಡು ವರ್ಷ ಅಲೆದು ಸಾಕಾಗಿ, ಕೊನೆಗೆ ಪಾಲಿಶ್ ಮಾಡಿದ್ದನ್ನೇ ಒಂದು ಕೊಂಡೆ. ದೊಡ್ಡ ಕೈಗಳ, ಎತ್ತರ ಬೆನ್ನಿನ ಭಾರಿ ಕುರ್ಚಿ. ಮನೆಗೆ ತಂದು ಕಿಟಕಿಯ ಹತ್ತಿರ ಇಟ್ಟು, "ಅತ್ತೆ, ಕೂತ್ಕೊಳ್ಳಿ" ಅಂದೆ. ಅವರು ಕೈಯಿಂದ ಒಮ್ಮೆ ಸವರಿ, "ಚೆನ್ನಾಗಿದೆ ಕಣೇ. ಗಂಡಸರು ಕೂರೋ ಕುರ್ಚಿ. ನಿನ್ನ ಗಂಡ ಕೂತ್ಕೊಳ್ಳಲಿ" ಅಂದರು. ಅಷ್ಟು ಹೇಳಿದ್ದೇ ಸಾಕು, ನಮ್ಮವರು ಆವತ್ತು ಸಂಜೆ ಪೇಪರ್ ಹಿಡಿದು ಕೂತವರು ಏಳಲೇ ಇಲ್ಲ. ಅತ್ತೆ ಮತ್ತೆ ನೆಲದ ಮೇಲೆ. ನನಗೆ ಅಳು ಬಂತು, ಗಂಡನ ಮೇಲೆ ಕೋಪವೂ ಬಂತು. ಸಾರಿಗೆ ಉಪ್ಪು ಜಾಸ್ತಿ ಹಾಕಿದ್ದು ಬೇಕೂಂತಲೇ ಅಂತ ಅವರು ಈಗಲೂ ಹೇಳುತ್ತಾರೆ. ಇರಬಹುದು.

ಆಮೇಲೆ ಮಗಳು ಹುಟ್ಟಿದಳು, ಅಲೆದಾಟ ಕಡಿಮೆಯಾಯಿತು. ಆದರೂ ತಿಂಗಳಿಗೊಮ್ಮೆ ಭಾಯಿಯ ಅಂಗಡಿಗೆ ತಲೆ ಹಾಕುವುದು ಬಿಡಲಿಲ್ಲ. "ಬಣ್ಣದ್ದು ಬಂದ್ರೆ ಕೆರೆಯೋ ಮುಂಚೆ ಫೋನ್ ಮಾಡಿ" ಅಂತ ಆಫೀಸಿನ ನಂಬರು ಬರೆದುಕೊಟ್ಟಿದ್ದೆ. ಆತ ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದ. ನಾನು ಹೋದಾಗಲೆಲ್ಲ, "ಬಾಮ್ಮಾ, ಪೇಂಟಮ್ಮಾ" ಅಂತ ಗೇಲಿ ಮಾಡುವನು.

ಎರಡು ಸಾವಿರದ ನಾಲ್ಕರಲ್ಲಿ ಒಂದು ದಿನ ಮಧ್ಯಾಹ್ನ ಭಾಯಿಯ ಫೋನ್ ಬಂತು. ನುಂಗಂಬಾಕ್ಕಂನಲ್ಲೇ ಒಂದು ಹಳೆಯ ಬಂಗಲೆ ಒಡೆದು ಫ್ಲಾಟು ಕಟ್ಟುತ್ತಾರಂತೆ. ಅಲ್ಲಿಂದ ಅಂಗಡಿಗೆ ಬಂದ ಸಾಮಾನಿನಲ್ಲಿ ನೀಲಿ ಬಣ್ಣದ ತೂಗುಕುರ್ಚಿ ಇದೆಯಂತೆ. "ಪಾಲಿಶ್ ಮಾಡೋನು ಬಂದು ಕೂತಿದಾನೆ. ಬೇಗ ಬಾ" ಅಂದ. ಈ ಸಲ ಒಬ್ಬಳೇ ಹೋಗಬಾರದು ಅನ್ನಿಸಿತು. ಹೋದ ಸಲ ನಾನೇ ಆರಿಸಿ ಕೆಟ್ಟೆನಲ್ಲ. ಅರ್ಧ ದಿನ ರಜೆ ಹಾಕಿ ಮನೆಗೆ ಬಂದು, "ಅತ್ತೆ, ಸೀರೆ ಬದಲಾಯಿಸಿ, ಒಂದು ಕಡೆ ಹೋಗಬೇಕು" ಅಂದೆ. ಎಲ್ಲಿಗೆ, ಯಾಕೆ ಅಂತ ಆಟೋದಲ್ಲಿ ಕೂತ ಮೇಲೆ ಹೇಳಿದೆ. ಆರು ವರ್ಷದ್ದೆಲ್ಲ ಒಟ್ಟಿಗೇ ಹೇಳಿದೆ. ನೆರೆಯವರಿಂದ ತಿಳಿದದ್ದು, ವಾಧ್ಯಾರ್ ಮನೆಗೆ ಹೋದದ್ದು, ಎಲ್ಲ.



"ಆವತ್ತೇ ಒಂದು ಮಾತು ಹೇಳಬಾರದಿತ್ತಾ ಅತ್ತೆ? ಅದು ನನ್ನದು ಅಂತ ಅಂದಿದ್ರೆ ಅಲ್ಲೇ ಬಿಟ್ಟುಬಿಡ್ತಿದ್ದೆ" ಅಂದೆ.

"ಹೇಗೆ ಹೇಳಲಿ? ಅಷ್ಟು ಜನ ಕೂತಿದ್ರು. ಗಂಡ ಹೋಗಿ ಹನ್ನೆರಡು ದಿನ ಆಗಿಲ್ಲ, ಮುಂಡೆಗೆ ಕುರ್ಚಿ ಮೇಲೆ ಆಸೆ ನೋಡು ಅಂತಾರೆ" ಅಂದರು. ಆಮೇಲೆ, "ನಿಂಗೆ ಏನು ಗೊತ್ತಿತ್ತು, ಮಗು ನೀನು. ನಿನ್ನ ಮೇಲೆ ಕೋಪ ಇಲ್ಲ. ಅವರ ಮೇಲೆ ಇತ್ತು. ನಂದು ಅಂತ ಅವರಿಗೆ ಗೊತ್ತಿತ್ತಲ್ಲ, ಒಂದು ದಿನಾನಾದ್ರೂ ನಾಲ್ಕು ಜನರ ಮುಂದೆ ಹೇಳಿದ್ರಾ?" ಅಂದರು. ಸತ್ತ ಮಾವನ ಬಗ್ಗೆ ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಆರು ವರ್ಷ ಎದೆಯ ಮೇಲೆ ಹೊತ್ತದ್ದು ಇಳಿದು, ನಾನು ಆಟೋದಲ್ಲೇ ಅತ್ತುಬಿಟ್ಟೆ. ಅತ್ತೆ, "ಥೂ, ಸುಮ್ನಿರೇ, ಆಟೋದವನು ನೋಡ್ತಾನೆ" ಅಂತ ಸೆರಗು ಕೊಟ್ಟರು.

ನಾವು ಹೋಗುವ ಹೊತ್ತಿಗೆ ಪಾಲಿಶಿನವನು ಕುರ್ಚಿಯ ಎಡಗಡೆಯ ಕೈಯನ್ನು ಗೇಣುದ್ದ ಕೆರೆದಾಗಿತ್ತು. "ಏಯ್, ನಿಲ್ಸಪ್ಪಾ!" ಅಂತ ನಾನು ಕಿರುಚಿದ್ದು ಗಲ್ಲಿಗೆಲ್ಲ ಕೇಳಿಸಿರಬೇಕು. ಅವನು ಬ್ಲೇಡು ಕೆಳಗಿಟ್ಟ. ಚಿಕ್ಕ ಕುರ್ಚಿ, ತಗ್ಗಿನ ಕೈಗಳು. ನೀಲಿ ಬಣ್ಣ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಬೆನ್ನಿನ ಪಟ್ಟಿಯ ಮೇಲೆ ಹಳದಿ ಹೂ, ಯಾರೋ ಮನೆಯವರೇ ಬಿಡಿಸಿದ್ದು, ಒಂದು ದೊಡ್ಡದು ಒಂದು ಸಣ್ಣದು. ಬೆತ್ತ ಪೂರ್ತಿ ಜೋತುಬಿದ್ದಿತ್ತು. ನಾನು ಹೇಗೆ ತೂಗುತ್ತೆ ಅಂತ ಕೈಯಿಂದ ತಳ್ಳಿದೆ. ಅತ್ತೆ ತಟ್ಟನೆ ನನ್ನ ಕೈ ಹಿಡಿದರು.

"ಖಾಲಿ ತೂಗಬಾರದು ಕಣೇ. ತೊಟ್ಟಿಲು ತೂಗ್ತಾರಾ ಹಾಗೆ?"

"ಹಾಗಿದ್ರೆ ನೀವು ಕೂತ್ಕೊಳ್ಳಿ."

ಭಾಯಿ ಬೆತ್ತದ ಮೇಲೆ ಒಂದು ಹಲಗೆ ಅಡ್ಡ ಇಟ್ಟುಕೊಟ್ಟ. ಅತ್ತೆ ಸೆರಗು ಸುತ್ತಿಕೊಂಡು ಕೂತರು. ಹೆಬ್ಬೆರಳು ನೆಲಕ್ಕೆ ಒತ್ತಿ ಒಮ್ಮೆ ತೂಗಿದರು, ಇನ್ನೊಮ್ಮೆ ತೂಗಿದರು. ಭಾಯಿ ವ್ಯಾಪಾರದ ಗತ್ತಿನಲ್ಲಿ, "ಯಾರಿಗಮ್ಮಾ ಕುರ್ಚಿ, ಮನೆ ಯಜಮಾನರಿಗಾ? ಅವರಿಗಾದ್ರೆ ದೊಡ್ಡ ಸೈಜು ಪಾಲಿಶ್ ಮಾಡಿದ್ದು ಇದೆ" ಅಂದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಎನಕ್ಕುದಾನ್" ಅಂದರು. ಅಂದರೆ, ನನಗೇ ಅಂತ. ಅವನು ಕೇಳಿಸಲಿಲ್ಲ ಅನ್ನುವ ಹಾಗೆ ನೋಡಿದ. ಅತ್ತೆ ಇನ್ನೂ ಸ್ವಲ್ಪ ಗಟ್ಟಿಯಾಗಿ, ಪಾಲಿಶಿನವನಿಗೂ ಕೇಳುವ ಹಾಗೆ ಅದನ್ನೇ ಅಂದರು. ಚೌಕಾಸಿಯನ್ನೂ ಅವರೇ ಮಾಡಿದರು, ದುಡ್ಡೂ ಅವರದೇ ಪೆನ್ಷನ್ನಿನದು. ನನಗೆ ಕೊಡಲು ಬಿಡಲಿಲ್ಲ.

ಮಾರನೆಯ ದಿನವೇ ವಯರು ಬೇಕು ಅಂದರು. ಹಳದಿ, ಹೂವಿನ ಬಣ್ಣಕ್ಕೆ ಹೊಂದುವ ಹಾಗೆ. ಹದಿನೈದು ದಿನ ಕೂತು ಹೆಣೆದರು. ಬೆರಳಿಗೆ ಅಭ್ಯಾಸ ತಪ್ಪಿದೆ ಅಂತ ಎರಡು ಸಲ ಬಿಚ್ಚಿ ಹಾಕಿದರು. ಕೆರೆದ ಗೇಣುದ್ದದ ಜಾಗಕ್ಕೆ ಬಣ್ಣ ಹಚ್ಚಿಸೋಣವೇ ಅಂದರೆ ಬೇಡ ಅಂದರು. ಆಮೇಲೆ ಸಂಜೆ ಹೊತ್ತು ಅದರ ಮೇಲೆ ಬೇರೆ ಯಾರು ಕೂತಿದ್ದರೂ, ಮಗನಾಗಲಿ ಮೊಮ್ಮಗಳಾಗಲಿ, "ಏಳು, ನನ್ನ ಕುರ್ಚಿ" ಅನ್ನುತ್ತಿದ್ದರು. ಮೊಮ್ಮಗಳು ತಮಿಳಿನಲ್ಲಿ ಗೊಣಗುತ್ತಾ ಏಳುವಳು. ಒಂದು ದಿನ ಅವರಾಗಿಯೇ ನನ್ನನ್ನು ಕರೆದು ಹೇಳಿದರು: "ನಾನು ಹೋದ ಮೇಲೆ ಇದನ್ನ ಇಟ್ಕೋಬೇಡ. ಆವತ್ತಿನ ಹಾಗೇ ಎಳೆದು ತಂದು ಕೊಟ್ಟುಬಿಡು. ನಂಗೆ ಬರಲಿ."

ಐದು ವರ್ಷ ಕೂತರು ಅದರಲ್ಲಿ. ಅವರು ಹೋದ ಹನ್ನೆರಡನೆಯ ದಿನ, ಮಂಚ, ಚೊಂಬು, ಕೊಡೆಯ ಸಾಲಿಗೆ ಕುರ್ಚಿಯನ್ನು ನಾನೇ ತಂದಿಟ್ಟೆ. ನಮ್ಮವರಿಗೆ ಮನಸ್ಸಿರಲಿಲ್ಲ, "ಇರಲಿ, ಅಮ್ಮನ ನೆನಪಿಗೆ" ಅಂದರು. ನಾನು ಕೇಳಲಿಲ್ಲ. ಅದೇ ಹಳೆಯ ವಾಧ್ಯಾರ್, ಈಗ ಕನ್ನಡಕ ದಪ್ಪವಾಗಿತ್ತು. ಕುರ್ಚಿಯನ್ನು ನೋಡಿ, ಏನೋ ನೆನಪಾದವರ ಹಾಗೆ, "ಇದು ಮಾವನವರದಲ್ಲವೇ?" ಅಂದರು.

"ಅಲ್ಲ" ಅಂದೆ, ಕೂತ ಅಷ್ಟು ಜನಕ್ಕೂ ಕೇಳಿಸುವ ಹಾಗೆ. "ಅತ್ತೆಯದು."